ಪತ್ತನಾಜೆಗೆ ಮುಂಚಿನ ಅಲೆಗಳು

ಗುರುವಾರ ರಾತ್ರಿ ಚಪಾತಿ ಹಿಟ್ಟು ನಾದುತ್ತಿದ್ದೆ. ಮಗಳು ಮೊಬೈಲ್ ಹಿಡಿದುಕೊಂಡು ಅಡುಗೆಮನೆಗೆ ನುಗ್ಗಿದಳು.

"ಅಮ್ಮಾ, ಶನಿವಾರ ಸಸಿಹಿತ್ಲಲ್ಲಿ ಒಂದೂವರೆ ಮೀಟರ್! ಹದಿನೈದು ಸೆಕೆಂಡ್! ಡಿಸೆಂಬರಲ್ಲಿ ಹೋಗಿದ್ದಾಗ ಬರೀ ಅರ್ಧ ಮೀಟರ್ ಇತ್ತು, ಗೊತ್ತಾ? ಬಸ್ ಬುಕ್ ಮಾಡ್ಲಾ?"

ಮೀಟರ್, ಸೆಕೆಂಡ್ ಎಂದರೆ ಏನೆಂದು ನನಗೆ ಅರ್ಥವಾಗಲಿಲ್ಲ. ಮೇ ತಿಂಗಳ ಕಡಲಿಗೆ ಇಳಿಯಲು ಹದಿನೈದು ವರ್ಷದ ಹುಡುಗಿ ನನ್ನ ಒಪ್ಪಿಗೆ ಕೇಳುತ್ತಿದ್ದಾಳೆ ಎನ್ನುವುದಷ್ಟೇ ಅರ್ಥವಾಯಿತು. ಕೈ ಹಿಟ್ಟಿನಲ್ಲೇ ನಿಂತಿತು.

ನಾನು ಹುಟ್ಟಿ ಬೆಳೆದದ್ದು ಹಳೆಯಂಗಡಿಯಿಂದ ಸಸಿಹಿತ್ಲಿಗೆ ಹೋಗುವ ದಾರಿಯ ಒಂದು ಮನೆಯಲ್ಲಿ. ರಾತ್ರಿ ದೀಪ ಆರಿಸಿದ ಮೇಲೆ ಕಡಲಿನ ಸದ್ದು ಕಿವಿಗೆ ಬೀಳದಿದ್ದರೆ ನಿದ್ದೆ ಬಾರದು, ಅಷ್ಟು ಹತ್ತಿರ. ಆದರೂ ನನಗೆ ಈಜು ಬರುವುದಿಲ್ಲ. "ಕಡಲ ತಡಿಯವಳಾಗಿ ಈಜು ಬರಲ್ವಾ?" ಎಂದು ಬೆಂಗಳೂರಿನ ಗೆಳತಿಯರು ನಗುತ್ತಾರೆ. ನಾನೂ ನಕ್ಕು ಸುಮ್ಮನಾಗುತ್ತೇನೆ.

ಕಾರಣ ದೊಡ್ಡ ಮಾಮ, ಅಂದರೆ ಅಮ್ಮನ ಅಣ್ಣ. ನನಗೆ ಏಳು ವರ್ಷ. ಮೇ ಕೊನೆಯ ಒಂದು ಬೆಳಿಗ್ಗೆ ಮೀನಿಗೆ ಹೋದವರು ವಾಪಸು ಬರುವಾಗ ಅಳಿವೆ ಬಾಗಿಲಲ್ಲಿ ದೋಣಿ ಮಗುಚಿತು. ಜೊತೆಗಿದ್ದ ಇಬ್ಬರು ಈಜಿ ದಡ ಸೇರಿದರು. ದೊಡ್ಡ ಮಾಮ ಸಿಕ್ಕಿದ್ದು ಮೂರನೇ ದಿನ. ಅಂದಿನಿಂದ ನಮ್ಮ ಮನೆಯ ಮಕ್ಕಳಿಗೆಲ್ಲ ಅಮ್ಮನ ಒಂದೇ ಕಾನೂನು. ಪಾದ ನೆನೆಯುವಷ್ಟು ನೀರು, ಅದಕ್ಕಿಂತ ಮುಂದೆ ಒಂದು ಹೆಜ್ಜೆ ಇಲ್ಲ. ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೂ ಆ ಕಾನೂನು ನನ್ನ ಕಾಲಲ್ಲೇ ಉಳಿಯಿತು.

ಕಳೆದ ಡಿಸೆಂಬರ್ ರಜೆಯಲ್ಲಿ ಊರಿಗೆ ಹೋದಾಗ ಮಗಳು ಸರ್ಫಿಂಗ್ ಹುಡುಗರನ್ನು ನೋಡಿ ಹಟ ಹಿಡಿದಳು. ಮೂರು ದಿನದ ತರಗತಿಗೆ ಸೇರಿಸಿದೆ. ಸೊಂಟದ ಮಟ್ಟದ ನೀರು, ಮಗುವಿನಂಥ ಅಲೆ. ಮೂರನೇ ದಿನ ಬೋರ್ಡಿನ ಮೇಲೆ ಎದ್ದು ನಿಂತಳಂತೆ. 'ಅಂತೆ' ಯಾಕೆಂದರೆ ನಾನು ಕಡಲಿಗೆ ಬೆನ್ನು ಹಾಕಿ ಚಪ್ಪಲಿ, ಟವೆಲ್ ಕಾಯುತ್ತಾ ಕೂತಿದ್ದೆ. ನೋಡುವ ಧೈರ್ಯ ಇರಲಿಲ್ಲ.

"ಸಣ್ಣ ಮಾಮನಿಗೆ ಫೋನ್ ಮಾಡ್ತೇನೆ. ಅವರು ಸರಿ ಅಂದ್ರೆ ಸರಿ" ಎಂದೆ. ಖಂಡಿತ ಬೇಡ ಅನ್ನುತ್ತಾರೆ ಎಂಬ ನಂಬಿಕೆ. ನಲವತ್ತು ವರ್ಷ ಕಡಲಿಗೆ ಹೋಗಿ ಈಗ ಮನೆಯಂಗಳದಲ್ಲಿ ಬಲೆ ಹೆಣೆಯುತ್ತಾ ಕೂರುವ ಮನುಷ್ಯ ಅವರು. ಅವರು ಹೇಳಿದ್ದು ಬೇರೆ.

"ಬನ್ನಿ. ಬಂದು ನೋಡುವಾ. ಬೆಂಗಳೂರಲ್ಲಿ ಕೂತು ಕಡಲಿನ ವಿಷಯ ಎಂತ ಹೇಳುದು?"

ಎರಡು ನದಿ, ಒಂದು ಬಾಗಿಲು

ಸಸಿಹಿತ್ಲು ನೋಡದವರಿಗೆ ಎರಡು ಮಾತು. ಮಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉಡುಪಿ ಕಡೆ ಹೊರಟರೆ ಸುರತ್ಕಲ್, ಮುಕ್ಕ ದಾಟಿ ಹಳೆಯಂಗಡಿ ಸಿಗುತ್ತದೆ. ಅಲ್ಲಿ ಎಡಕ್ಕೆ ತಿರುಗಬೇಕು. ಒಟ್ಟು ಸುಮಾರು 25 ಕಿ.ಮೀ. ರೈಲಿನಲ್ಲಿ ಬರುವವರಿಗೆ ಮುಲ್ಕಿ, ಸುರತ್ಕಲ್ ಎರಡೂ ಹತ್ತಿರದ ನಿಲ್ದಾಣಗಳು. ರಾತ್ರಿ ಬಸ್ಸಿಗೆ ಬೆಂಗಳೂರು ಬಿಟ್ಟರೆ ಬೆಳಗಿನ ಚಹಾದ ಹೊತ್ತಿಗೆ ಹಳೆಯಂಗಡಿ. ಅಲ್ಲಿಂದ ರಿಕ್ಷಾ.

ದಾರಿ ಮುಂದೆ ಹೋದಂತೆ ನೆಲ ಸಪೂರವಾಗುತ್ತಾ ಹೋಗುತ್ತದೆ. ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ನಂದಿನಿ ನದಿ, ನಡುವೆ ತೆಂಗಿನ ಮರ, ಮನೆ, ಭಗವತಿ ದೇವಸ್ಥಾನ. ಕೊನೆಯಲ್ಲಿ ಬರೀ ಮರಳು. ಅಲ್ಲಿ ಮುಲ್ಕಿ ಕಡೆಯಿಂದ ಬರುವ ಶಾಂಭವಿಯೂ ನಂದಿನಿಯೂ ಕೂಡಿ ಒಂದೇ ಬಾಗಿಲಲ್ಲಿ ಕಡಲು ಸೇರುತ್ತವೆ. ಅದೇ ಅಳಿವೆ. ಸಂಜೆ ಹೊತ್ತು ಅಲ್ಲಿ ನಿಂತರೆ ಸಿಹಿನೀರಿನ ಬಣ್ಣ, ಉಪ್ಪುನೀರಿನ ಬಣ್ಣ ಬೇರೆ ಬೇರೆಯಾಗಿ ಕಾಣುತ್ತದೆ. ಅಳಿವೆಯ ಆಚೆ ದಡ ಮುಲ್ಕಿ. ನಮ್ಮ ದೇಶದಲ್ಲಿ ಸರ್ಫಿಂಗ್ ಮೊದಲು ಬೇರುಬಿಟ್ಟ ಊರುಗಳಲ್ಲಿ ಅದೂ ಒಂದು. 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಪಂದ್ಯ ನಡೆದದ್ದು ಇದೇ ಸಸಿಹಿತ್ಲಿನಲ್ಲಿ. ನಾನು ಚಿಕ್ಕವಳಿದ್ದಾಗ ಕೈರಂಪಣಿ ಬಲೆ ಎಳೆಯುತ್ತಿದ್ದ ಮನೆಗಳ ಮೊಮ್ಮಕ್ಕಳು ಈಗ ಬೋರ್ಡಿಗೆ ಮೇಣ ಉಜ್ಜುತ್ತಾರೆ.

ಇಲ್ಲಿ ಅಲೆ ಯಾಕೆ ಚೆನ್ನಾಗಿ ಏಳುತ್ತದೆ ಎಂದರೆ ಕಾರಣ ಆ ನದಿಗಳೇ. ಅವು ಹೊತ್ತು ತರುವ ಮರಳು ಅಳಿವೆಯ ಹೊರಗೆ ದಿಣ್ಣೆಯಾಗಿ ಕೂರುತ್ತದೆ. ಹೊರಗಿನಿಂದ ಬರುವ ಅಲೆಗೆ ಅದು ಕಾಲಿಗೆ ಸಿಕ್ಕುವ ಹೊಸ್ತಿಲ ಹಾಗೆ. ಎಡವಿ ಎದ್ದು ಒಡೆಯುತ್ತದೆ. ಪ್ರತಿ ಮಳೆಗಾಲ ಆ ದಿಣ್ಣೆಯ ಜಾಗ ಬದಲಾಗುತ್ತದೆ. ಹಾಗಾಗಿ ಹೋದ ವರ್ಷ ಆಡಿದ ಜಾಗ ಈ ವರ್ಷವೂ ಹಾಗೇ ಇರುತ್ತದೆ ಎಂದು ತಿಳಿದುಕೊಳ್ಳಬಾರದು.

ಆ್ಯಪ್ ಹೇಳಿದ್ದು, ಅಜ್ಜ ಹೇಳಿದ್ದು

ಶನಿವಾರ ಬೆಳಿಗ್ಗೆ ನೀರ್‌ದೋಸೆ ತಿಂದು ಕೈ ತೊಳೆಯುವ ಮೊದಲೇ ಮಗಳು ಮೊಬೈಲ್ ತೆಗೆದಳು.

"ಅಜ್ಜಾ, ಇದು ಅಲೆ ಎತ್ತರ. ಇದು ಪಿರಿಯಡ್, ಅಂದ್ರೆ ಒಂದು ಅಲೆ ಆದ್ಮೇಲೆ ಇನ್ನೊಂದು ಬರಕ್ಕೆ ಎಷ್ಟು ಸೆಕೆಂಡ್ ಅಂತ. ಈ ಬಾಣ ಗಾಳಿ."

ಮಾಮ ಕನ್ನಡಕ ಸರಿ ಮಾಡಿಕೊಂಡು ನೋಡಿದರು. "ಬಾಣ ಎಲ್ಲಿಗೆ ತೋರಿಸುದು? ಗಾಳಿ ಬರುವ ಕಡೆಗಾ, ಹೋಗುವ ಕಡೆಗಾ?"

ಮಗಳಿಗೆ ಗೊತ್ತಿರಲಿಲ್ಲ. "ಹೋಗೋ ಕಡೆಗೆ... ಅನ್ಸುತ್ತೆ."

"ಅನ್ಸಿದ್ರೆ ಆಗುದಿಲ್ಲ ಮಗಾ. ನಡಿ, ಹೊರಗೆ ಹೋಗಿ ನೋಡುವಾ."

ತುಳುವಿನಲ್ಲಿ ನಾಲ್ಕು ದಿಕ್ಕೇ ನಾಲ್ಕು ಗಾಳಿಯ ಹೆಸರು. ಮೂಡಾಯಿ ಎಂದರೆ ಪೂರ್ವ, ಪಡ್ಡಾಯಿ ಪಶ್ಚಿಮ, ತೆನ್ಕಾಯಿ ದಕ್ಷಿಣ, ಬಡಕಾಯಿ ಉತ್ತರ. ಮಾಮ ದಾರಿಯಲ್ಲಿ ನಡೆಯುತ್ತಾ ಅವಳಿಗೆ ಅದನ್ನು ಬಾಯಿಪಾಠ ಮಾಡಿಸಿದರು. ರಾತ್ರಿಯಿಡೀ ನೆಲ ತಣ್ಣಗಾಗುತ್ತದೆ. ಬೆಳಗಿನ ಜಾವ ನೆಲದ ಮೇಲಿನ ತಂಪು ಗಾಳಿ ಮೆಲ್ಲನೆ ಕಡಲ ಕಡೆ ಹರಿಯುತ್ತದೆ. ಅದು ಮೂಡಾಯಿ. ಎದ್ದು ಬರುವ ಅಲೆಯ ಮುಖಕ್ಕೆ ಅದು ಎದುರಾಗಿ ಬೀಸುವುದರಿಂದ ಅಲೆ ಬೇಗ ಒಡೆಯದೆ ನೆಟ್ಟಗೆ ನಿಲ್ಲುತ್ತದೆ, ನೀರು ಗಾಜಿನ ಹಾಗೆ ನುಣ್ಣಗಿರುತ್ತದೆ. ಸರ್ಫಿಂಗ್‌ನವರು ಕಾಯುವುದು ಇದಕ್ಕೇ. ಬಿಸಿಲೇರಿ ನೆಲ ಕಾದ ಮೇಲೆ ಲೆಕ್ಕ ತಿರುಗುಮುರುಗು. ಒಂಬತ್ತು ಹತ್ತು ಗಂಟೆಯ ಹೊತ್ತಿಗೆ ಗಾಳಿ ಕಡಲಿನಿಂದ ನೆಲಕ್ಕೆ ಬರತೊಡಗುತ್ತದೆ. ಮೇ ತಿಂಗಳಲ್ಲಿ ಅದು ಹೆಚ್ಚಾಗಿ ಬಡಕಾಯಿ ಪಡ್ಡಾಯಿ ನಡುವಿನ ಮೂಲೆಯಿಂದ, ಅಂದರೆ ವಾಯವ್ಯದಿಂದ. ಮಧ್ಯಾಹ್ನ ಕಡಲೆಲ್ಲ ಹರಿದ ಬಟ್ಟೆಯ ಹಾಗೆ ಚೂರು ಚೂರು.

ದಡದಲ್ಲಿ ಮಾಮ ಕುಕ್ಕರುಗಾಲಲ್ಲಿ ಕೂತು ಬಾಯಲ್ಲೇ ಎಣಿಸತೊಡಗಿದರು. ಒಂದು ಅಲೆ ದಿಣ್ಣೆಯ ಮೇಲೆ ಏಳುವಾಗ ಶುರು, ಇನ್ನೊಂದು ಅದೇ ಜಾಗದಲ್ಲಿ ಏಳುವಾಗ ಮುಕ್ತಾಯ. ಐದಾರು ಸಲ ಎಣಿಸಿ ಹೇಳಿದರು. "ಹದಿನಾಲ್ಕು, ಹದಿನೈದು. ಮೊನ್ನೆ ಎಂಟೊಂಬತ್ತು ಇತ್ತು. ಇದು ನಮ್ಮ ಕಡಲಿನ ಅಲೆ ಅಲ್ಲ. ದೂರದಿಂದ ಬಂದದ್ದು."

ಮಗಳು ಮೊಬೈಲ್ ನೋಡಿದಳು, ಅಜ್ಜನನ್ನು ನೋಡಿದಳು. ಮೊಬೈಲಲ್ಲಿ ಹದಿನೈದು.

ಆಮೇಲೆ ನಾನೂ ಇದನ್ನೆಲ್ಲ ಓದಿ ತಿಳಿದುಕೊಂಡೆ. ಹತ್ತಿರದ ಗಾಳಿ ಎಬ್ಬಿಸಿದ ಅಲೆ ಐದಾರು ಸೆಕೆಂಡಿಗೋ ಎಂಟು ಸೆಕೆಂಡಿಗೋ ಒಂದು ಬರುತ್ತದೆ. ಗಿಡ್ಡ, ಗಡಿಬಿಡಿಯ ಅಲೆ. ಹದಿನಾಲ್ಕು ಹದಿನಾರು ಸೆಕೆಂಡಿನದ್ದು ಹಿಂದೂ ಮಹಾಸಾಗರದ ದಕ್ಷಿಣದ ತುದಿಯಲ್ಲಿ, ಅಂಟಾರ್ಕ್ಟಿಕಾದ ಕಡೆಯ ಬಿರುಗಾಳಿಗಳಲ್ಲಿ ಹುಟ್ಟಿದ್ದು. ಅಲ್ಲೀಗ ಚಳಿಗಾಲ ಶುರುವಾಗುವ ಹೊತ್ತು. ಅಂಥ ಅಲೆಗಳ ಗುಂಪು ಗಂಟೆಗೆ ಸುಮಾರು 45 ಕಿ.ಮೀ. ವೇಗದಲ್ಲಿ ಬರುತ್ತದೆ. ನಮ್ಮ ದಡ ಮುಟ್ಟಲು ಐದಾರು ದಿನ ಬೇಕು. ಇಲ್ಲಿ ಗಾಳಿ ಇಲ್ಲ, ಮೋಡ ಇಲ್ಲ, ಆಕಾಶ ಶುಭ್ರ, ಆದರೂ ಕಡಲು ಇದ್ದಕ್ಕಿದ್ದಂತೆ ಎದ್ದು ಬರುತ್ತದೆ. ಕೇರಳದಲ್ಲಿ ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಕಳ್ಳನ ಹಾಗೆ ಬರುವ ಕಡಲು. ಹೈದರಾಬಾದಿನ ಇನ್‌ಕಾಯ್ಸ್, ಅಂದರೆ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಇದಕ್ಕೆಂದೇ ಮುನ್ನೆಚ್ಚರಿಕೆ ಕೊಡುತ್ತದೆ.

ಇನ್ನೊಂದು ವಿಷಯ ನನ್ನಂಥ ಅಮ್ಮಂದಿರಿಗೆ ಗೊತ್ತಿರಬೇಕು. ಆ್ಯಪ್‌ನಲ್ಲಿ ಒಂದೂವರೆ ಮೀಟರ್ ಎಂದಿದ್ದರೆ ಬರುವ ಅಲೆಯೆಲ್ಲ ಒಂದೂವರೆ ಮೀಟರ್ ಅಲ್ಲ. ಬರುವ ಅಲೆಗಳಲ್ಲಿ ಎತ್ತರದ ಮೂರನೇ ಒಂದು ಭಾಗವನ್ನು ತೆಗೆದುಕೊಂಡು ಅದರ ಸರಾಸರಿ ಹಾಕುವುದು ರೂಢಿ. ಆಗೊಮ್ಮೆ ಈಗೊಮ್ಮೆ ಅದರ ಹತ್ತಿರ ಹತ್ತಿರ ಎರಡರಷ್ಟು ಎತ್ತರದ್ದೂ ಬರಬಹುದು. ಅಲ್ಲದೆ ಒಂದೂವರೆ ಮೀಟರ್, ಏಳು ಸೆಕೆಂಡಿನ ಅಲೆಗೂ ಒಂದೂವರೆ ಮೀಟರ್, ಹದಿನೈದು ಸೆಕೆಂಡಿನ ಅಲೆಗೂ ಬಲದಲ್ಲಿ ಅಜಗಜಾಂತರ. ಎತ್ತರ ಮಾತ್ರ ನೋಡಿ ಹೊರಡಬಾರದು.

ಅಲೆ ಒಡೆಯದ ಜಾಗ

ಸರ್ಫಿಂಗ್ ಕಲಿಸುವ ಹುಡುಗ ಬೋರ್ಡುಗಳನ್ನು ಶೆಡ್ಡಿನೊಳಗೆ ಇಡುತ್ತಿದ್ದ. ಮಾಮನನ್ನು ಕಂಡು ಹತ್ತಿರ ಬಂದ. "ಇವತ್ತು ಹೊಸಬರಿಗೆ ಬೇಡ ಮಾಮ. ನಾವು ಇಬ್ಬರು ಮೂವರು ಮಾತ್ರ ಇಳಿದು ಬಂದೆವು. ಸೆಳೆತ ಜೋರುಂಟು."

ಮಗಳ ಮುಖ ನೋಡಬೇಕಿತ್ತು. ಏಳೆಂಟು ಗಂಟೆ ಬಸ್ಸಿನಲ್ಲಿ ಕೂತು ಬಂದದ್ದು, ರಜೆ ಮುಗಿಯುತ್ತಿರುವುದು, ಮುಂದಿನ ವರ್ಷ ಹತ್ತನೇ ಕ್ಲಾಸು, ಎಲ್ಲ ಒಟ್ಟಿಗೆ ಹೊರಗೆ ಬಂತು. "ನೀವೆಲ್ಲಾ ಹೆದರ್ಸೋದೇ. ಅಮ್ಮ ಹೇಳ್ಕೊಟ್ಟಿದಾಳೆ ನಿಮ್ಗೆ!"

ನಾನು ಬಾಯಿ ತೆರೆಯುವ ಮೊದಲೇ ಮಾಮ ಅವಳ ಭುಜ ಹಿಡಿದು ದಡದ ಸ್ವಲ್ಪ ಎತ್ತರದ ಕಡೆ ನಿಲ್ಲಿಸಿದರು.

"ಇಲ್ಲಿಂದ ನೋಡು. ನಿನಗೆ ಇಳಿಯಲಿಕ್ಕೆ ಹೇಳಿದರೆ ಎಲ್ಲಿ ಇಳಿತೀ?"

ಎಡಕ್ಕೂ ಬಲಕ್ಕೂ ಬೆಳ್ಳಗೆ ನೊರೆ ಎದ್ದು ಒಡೆಯುತ್ತಿತ್ತು. ನಡುವೆ ಒಂದು ಹತ್ತು ಹದಿನೈದು ಮಾರು ಅಗಲದ ಜಾಗದಲ್ಲಿ ಅಲೆ ಒಡೆಯುತ್ತಲೇ ಇರಲಿಲ್ಲ. ಸಮಾಧಾನದ ನೀರು. ಮಗಳು ಅದನ್ನೇ ತೋರಿಸಿದಳು. ಸತ್ಯ ಹೇಳುತ್ತೇನೆ, ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ತೋರಿಸುತ್ತಿದ್ದೆ.

"ಎಲ್ಲರೂ ಅದನ್ನೇ ತೋರಿಸುದು. ಅದರ ಬಣ್ಣ ನೋಡು. ಕೆಸರು ಕೆಸರು ಉಂಟಲ್ಲ? ಆ ನೊರೆಯ ತುಂಡು ನೋಡು, ಯಾವ ಕಡೆ ಹೋಗ್ತಾ ಉಂಟು?"

ನೊರೆ ದಡಕ್ಕೆ ಬರುತ್ತಿರಲಿಲ್ಲ. ನೋಡನೋಡುತ್ತಿದ್ದಂತೆ ಹೊರಗೆ, ಆಳದ ಕಡೆಗೆ ಹೋಗುತ್ತಿತ್ತು. ದಡಕ್ಕೆ ಬಂದ ಅಷ್ಟೂ ನೀರು ವಾಪಸು ಹೋಗಲು ಹಿಡಿದ ದಾರಿ ಅದು. ಅಲ್ಲಿ ಆಳ ಜಾಸ್ತಿ, ಅದಕ್ಕೇ ಅಲೆ ಒಡೆಯುವುದಿಲ್ಲ. ಅದಕ್ಕೇ ಅದು ಸಾಧುವಾಗಿ ಕಾಣುತ್ತದೆ. ಸಿಕ್ಕಿಬಿದ್ದವರು ಹೆದರಿ ನೇರ ದಡಕ್ಕೆ ಈಜಲು ನೋಡುತ್ತಾರೆ, ಈಜಿ ಈಜಿ ಸೋತುಹೋಗುತ್ತಾರೆ. ಎದುರು ಹೋಗದೆ ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಬೇಕು, ಅಲೆ ಒಡೆಯುವ ಜಾಗ ಸಿಕ್ಕಿದ ಮೇಲೆ ಅದರೊಟ್ಟಿಗೆ ಒಳಗೆ ಬರಬೇಕು. ಈಜಲು ಆಗದಿದ್ದರೆ ಸುಮ್ಮನೆ ತೇಲುತ್ತಾ ಕೈ ಎತ್ತಿ ಕರೆಯಬೇಕು. ಅಳಿವೆಯ ಹತ್ತಿರ ಇಳಿತದ ಹೊತ್ತಿನಲ್ಲಿ ಇನ್ನೂ ಕಷ್ಟ. ಸಮುದ್ರದ ಸೆಳೆತದ ಜೊತೆ ಎರಡು ನದಿಯ ನೀರೂ ಹೊರಗೆ ನುಗ್ಗುತ್ತದೆ.

ಮಾಮ ಅಳಿವೆಯ ಕಡೆ ಕೈ ತೋರಿಸಿ ನಿಧಾನವಾಗಿ ಹೇಳಿದರು. ಇಷ್ಟು ವರ್ಷದಲ್ಲಿ ಅವರು ಈ ಮಾತು ಎತ್ತಿದ್ದನ್ನು ನಾನು ಕೇಳಿರಲಿಲ್ಲ.

"ನಿನ್ನ ದೊಡ್ಡಜ್ಜ ಹೋದದ್ದು ಅಲ್ಲಿ. ಅವನಿಗೆ ಕಡಲು ಗೊತ್ತಿರಲಿಲ್ಲ ಅಂತ ಅಲ್ಲ. ನನಗೆ ಕಲಿಸಿದವನೇ ಅವನು. ಬೆಳಿಗ್ಗೆ ಗಾಳಿ ಬಡಕಾಯಿ ಇತ್ತು, ಮಧ್ಯಾಹ್ನ ಆಗುವಾಗ ತೆನ್ಕಾಯಿಗೆ ತಿರುಗಿತು. ನಾನು ದಡದಲ್ಲಿ ನಿಂತು ಬೈರಾಸು ಎತ್ತಿ ಬೀಸಿದೆ, ಬಾ ಅಂತ. ಅವನಿಗೆ ಕಂಡಿತ್ತು. ಕೈಯಲ್ಲಿ ಹೀಗೆ ಮಾಡಿದ, ಇನ್ನು ಒಂದು ಸಲ ಬಲೆ ಬಿಟ್ಟು ಬರ್ತೇನೆ ಅಂತ. ಮನೆಯಲ್ಲಿ ಸಾಲ ಇತ್ತಲ್ಲ, ಮಳೆಗಾಲ ಬೇರೆ ಬರ್ತಾ ಇತ್ತು. ಆ ಒಂದು ಸಲದಲ್ಲಿ ಬಾಗಿಲು ಮುಚ್ಚಿತು."

ಮಗಳು ಏನೂ ಹೇಳಲಿಲ್ಲ. ನಾನೂ. ನನ್ನ ತಲೆಯಲ್ಲಿ ದೊಡ್ಡ ಮಾಮನನ್ನು ಕಡಲು ತಿಂದದ್ದು ಅಂತ ಇತ್ತು. ಅವರು ಕೈ ಸನ್ನೆ ಮಾಡಿದ್ದು ನನಗೆ ಗೊತ್ತಿರಲಿಲ್ಲ. ಅಮ್ಮನಿಗೆ ಗೊತ್ತಿತ್ತೋ ಇಲ್ಲವೋ, ಈಗ ಕೇಳಲು ಅವಳೂ ಇಲ್ಲ.

ಆ ದಿನ ಮಧ್ಯಾಹ್ನ ಮರುವಾಯಿ ಪುಂಡಿ ಮಾಡಿದ್ದರು ಅತ್ತೆ. ನಂದಿನಿಯ ಮರುವಾಯಿಗೆ ಬೇರೆಯೇ ರುಚಿ. ಮಗಳು ಎರಡು ಸಲ ಹಾಕಿಸಿಕೊಂಡು ತಿಂದು, ಜಗಲಿಯಲ್ಲಿ ಅಜ್ಜನ ಪಕ್ಕ ಕೂತು ಬಲೆಯ ಗಂಟು ಹಾಕಲು ಕಲಿತಳು. ಮೊಬೈಲ್ ಒಳಗೇ ಇತ್ತು.

ಭಾನುವಾರ ಆರೂಕಾಲು

ಬೆಳಿಗ್ಗೆ ಐದೂವರೆಗೆ ಮಾಮ ಬಾಗಿಲು ತಟ್ಟಿದರು. "ಏಳಿ, ಮೂಡಾಯಿ ಉಂಟು."

ದಡಕ್ಕೆ ಹೋದಾಗ ಬೆನ್ನಿಗೆ ತಂಪು ಗಾಳಿ. ಕಡಲು ನಿನ್ನೆಯದ್ದೇ ಎಂದು ನಂಬುವ ಹಾಗಿರಲಿಲ್ಲ. ಅಲೆ ಇಳಿದಿತ್ತು. ಆ್ಯಪ್‌ನಲ್ಲಿ ಒಂದು ಮೀಟರಿಗೂ ಕಡಿಮೆ, ಹನ್ನೆರಡು ಸೆಕೆಂಡ್. ಮಾಮನ ಎಣಿಕೆಯೂ ಹನ್ನೆರಡು. ಕಲಿಸುವ ಹುಡುಗ ಅಳಿವೆಯಿಂದ ದೂರ, ದಕ್ಷಿಣದ ಕಡೆ ಒಂದು ಜಾಗ ಆರಿಸಿ ಎರಡು ಕೋಲು ನೆಟ್ಟ. ಇವೆರಡರ ನಡುವೆ ಮಾತ್ರ. ಉದ್ದದ ಮೆತ್ತನೆಯ ಬೋರ್ಡ್, ಕಾಲಿಗೆ ಲೀಶ್ ಹಗ್ಗ, ಜೊತೆಗೆ ಅವನು.

ಹೋಗುವ ಮೊದಲು ಮಾಮ ತಮ್ಮ ಕೆಂಪು ಬೈರಾಸನ್ನು ಮಗಳಿಗೆ ತೋರಿಸಿದರು. "ಇದು ಮೇಲೆ ಹೋದ್ರೆ ಬರಬೇಕು. ಒಂದು ಅಲೆ ಬಿಟ್ಟು ಅಲ್ಲ. ಆಗಲೇ."

ಈ ಸಲ ನಾನು ಕಡಲಿಗೆ ಮುಖ ಮಾಡಿ ನಿಂತೆ.

ಮೊದಲಿನ ನಾಲ್ಕೈದು ಅಲೆ ಅವಳನ್ನು ಉರುಳಿಸಿತು. ಪ್ರತಿ ಸಲ ಅವಳ ತಲೆ ನೀರಿನಡಿ ಹೋದಾಗ ನಾನು ಎಣಿಸುತ್ತಿದ್ದೆ. ಒಂದು, ಎರಡು, ಮೂರು. ಮೂರಕ್ಕೆ ಮೇಲೆ ಬರುತ್ತಿದ್ದಳು, ಕೂದಲು ಹಿಂದಕ್ಕೆ ತಳ್ಳಿ ಮತ್ತೆ ಬೋರ್ಡ್ ಹಿಡಿಯುತ್ತಿದ್ದಳು. ಆರನೆಯದ್ದೋ ಏಳನೆಯದ್ದೋ ಅಲೆಗೆ ಎದ್ದು ನಿಂತಳು. ಮೊಣಕಾಲು ಬಗ್ಗಿಸಿ, ಎರಡು ಕೈ ಚಾಚಿ, ದಡದವರೆಗೂ ಬಂದಳು. ನಾನು ಎಲ್ಲಿದ್ದೇನೆ ಎನ್ನುವುದನ್ನೇ ಮರೆತಿದ್ದೆ. ಸೀರೆಯ ನೆರಿಗೆ ಒದ್ದೆಯಾಗಿ ಭಾರವಾದಾಗ ಕೆಳಗೆ ನೋಡಿದರೆ ನೀರು ನನ್ನ ಮೊಣಕಾಲಿನ ಮೇಲಿತ್ತು. ಅಮ್ಮನ ಕಾನೂನು ಮುರಿದು ಎಷ್ಟು ಹೊತ್ತಾಗಿತ್ತೋ.

ಒಂಬತ್ತು ಗಂಟೆಗೆ ಸರಿಯಾಗಿ ಬೆನ್ನಿನ ಗಾಳಿ ನಿಂತಿತು. ಐದು ನಿಮಿಷ ಎಲ್ಲೂ ಗಾಳಿ ಇಲ್ಲ. ಆಮೇಲೆ ಕೆನ್ನೆಗೆ ಬಡಿಯಿತು. ಎದುರಿನಿಂದ, ಬಲಗಡೆಯಿಂದ. ದೂರದ ನೀರು ಕಪ್ಪು ಗೀರು ಗೀರಾಗತೊಡಗಿತು. ಮಾಮ ಎದ್ದು ನಿಂತು ಬೈರಾಸು ಎತ್ತಿದರು.

ಮಗಳು ಆಗಷ್ಟೇ ಹೊರಗಿನ ಸಾಲಿಗೆ ತಲುಪಿದ್ದಳು. ಅವಳ ಹಿಂದೆ ಒಂದು ಅಲೆ ಏಳುತ್ತಿತ್ತು. ಆ ಬೆಳಗಿನ ಎಲ್ಲಕ್ಕಿಂತ ಚಂದದ ಅಲೆ ಎಂದು ನನಗೂ ಕಾಣುತ್ತಿತ್ತು. ಅದರ ಹಿಂದೆ ಇನ್ನೊಂದು. ಅವಳು ದಡದ ಕಡೆ ತಿರುಗಿ ಬೈರಾಸು ನೋಡಿದಳು. ಆಮೇಲೆ ಹಿಂದೆ ತಿರುಗಿ ಅಲೆ ನೋಡಿದಳು. ನನ್ನ ಉಸಿರು ನಿಂತಿತ್ತು. ಪಕ್ಕದಲ್ಲಿ ಮಾಮನ ಎತ್ತಿದ ಕೈ ನಡುಗುತ್ತಿತ್ತು. ಎಪ್ಪತ್ತರ ಹತ್ತಿರದ ಕೈ, ನಡುಗುವುದು ಸಹಜ ಎಂದುಕೊಂಡೆ. ಆದರೆ ಅದಲ್ಲ ಎಂದೂ ಗೊತ್ತಿತ್ತು.

ಅವಳು ಹೊಟ್ಟೆಯ ಮೇಲೆ ಮಲಗಿದಳು. ಎದ್ದು ನಿಲ್ಲಲಿಲ್ಲ. ಮೊದಲ ಅಲೆಯ ನೊರೆಯ ಮೇಲೆ ಹಾಗೇ ಜಾರಿಕೊಂಡು ನೇರ ಬಂದು ಮರಳಿಗೆ ತಾಗಿದಳು. ಬೋರ್ಡ್ ಎತ್ತಿಕೊಂಡು ಬಂದು ಅಜ್ಜನ ಮುಂದೆ ನಿಂತು, "ಅಜ್ಜಾ, ಪಡ್ಡಾಯಿ ಬಂತಲ್ಲ?" ಎಂದಳು.

ಮಾಮ ಬೈರಾಸಿನಲ್ಲಿ ಅವಳ ತಲೆ ಒರೆಸಿದರು. ಬಹಳ ಹೊತ್ತು ಒರೆಸಿದರು. "ಬಡಕಾಯಿ ಪಡ್ಡಾಯಿ" ಎಂದು ತಿದ್ದಿದರು.

ಮುಂದಿನ ವಾರಗಳು

ಮಕ್ಕಳಿಗೆ ರಜೆ ಇದೆ, ನಾವೂ ಹೋಗಬಹುದೇ ಎಂದು ಯೋಚಿಸುವವರಿಗೆ ಅಜ್ಜ, ಮೊಮ್ಮಗಳು ಜಗಲಿಯಲ್ಲಿ ಕೂತು ಹಾಕಿದ ಲೆಕ್ಕ ಹೇಳುತ್ತೇನೆ. ಕಡಲಿನ ಆಣೆ ಭಾಷೆ ಇದರಲ್ಲಿ ಇಲ್ಲ. ದಿನದ ಮಾತು ದಿನವೇ ದಡದಲ್ಲಿ ನೋಡಬೇಕು.

ಮೇ ಮೂರನೇ ವಾರದವರೆಗೆ ಬೆಳಗಿನ ಎರಡು ಮೂರು ಗಂಟೆ ಒಳ್ಳೆಯ ಹೊತ್ತು. ಆರರಿಂದ ಒಂಬತ್ತು. ಮೂಡಾಯಿ ಇದ್ದು ಅಲೆ ಒಂದು ಮೀಟರಿನೊಳಗಿದ್ದರೆ ಕಲಿಯುವವರು ತರಬೇತುದಾರರ ಜೊತೆ ಇಳಿಯಬಹುದು. ಮಧ್ಯಾಹ್ನದ ಮೇಲೆ ಕಡಲು ನೋಡಲಿಕ್ಕೆ ಮಾತ್ರ. ಹಿಂದಿನ ಸಂಜೆ ಗುಡುಗು ಮಳೆ ಬಂದಿದ್ದರೆ ನದಿಯ ಕೆಸರು, ಕಸ ಎಲ್ಲ ಅಳಿವೆಯಲ್ಲಿ ತೇಲುತ್ತಿರುತ್ತದೆ, ಆ ಬೆಳಿಗ್ಗೆ ಬಿಡುವುದು ಒಳ್ಳೆಯದು.

ಆಮೇಲೆ ಪತ್ತನಾಜೆ. ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇ 24ರ ಆಸುಪಾಸು. ಊರಿನ ಕೋಲ, ನೇಮ, ಯಕ್ಷಗಾನ ಮೇಳಗಳ ತಿರುಗಾಟ ಎಲ್ಲಕ್ಕೂ ಅಂದಿಗೆ ಗೆಜ್ಜೆ ಬಿಚ್ಚುವ ದಿನ. ಇನ್ನು ಮಳೆ, ಇನ್ನು ಗದ್ದೆ ಕೆಲಸ ಎಂದು ಹಿರಿಯರು ಎಳೆದ ಗೆರೆ ಅದು. ಮಾಮನ ಪ್ರಕಾರ ಕಲಿಯುವವರ ಕಡಲಿಗೂ ಅದೇ ಗೆರೆ. ಅಲ್ಲಿಂದ ಮುಂದೆ ದಕ್ಷಿಣದ ದೊಡ್ಡ ಅಲೆ ಮೇಲಿಂದ ಮೇಲೆ ಬರುತ್ತದೆ, ಬೆಳಗಿನ ಮೂಡಾಯಿ ದುರ್ಬಲವಾಗುತ್ತದೆ, ಒಂದು ದಿನ ಪೂರ್ತಿ ನಿಂತೇ ಹೋಗುತ್ತದೆ. ನುರಿತವರಿಗೆ ಹಬ್ಬವಾಗುವ ಹೊತ್ತು ಇದೇ. ಸಸಿಹಿತ್ಲಿನ ಪಂದ್ಯಗಳು ಮೇ ಕೊನೆಗೆ ಬೀಳುವುದೂ ಅದಕ್ಕೇ. ಹೋದರೆ ದಡದಲ್ಲಿ ನಿಂತು ನೋಡಿ ಚಪ್ಪಾಳೆ ಹೊಡೆದು ಬನ್ನಿ.

ಜೂನ್ ಮೊದಲ ವಾರದ ಹೊತ್ತಿಗೆ ಗಾಳಿ ಪಡ್ಡಾಯಿ ತೆನ್ಕಾಯಿ ನಡುವಿಗೆ ತಿರುಗಿ ಅಲ್ಲೇ ಕೂರುತ್ತದೆ. ಅದೇ ಮುಂಗಾರು. ಕೇರಳಕ್ಕೆ ಜೂನ್ 1, ನಮ್ಮ ಕರಾವಳಿಗೆ ಅದಾಗಿ ನಾಲ್ಕೈದು ದಿನ ಎನ್ನುವುದು ವಾಡಿಕೆಯ ಲೆಕ್ಕ. ಆದರೆ 2025ರಲ್ಲಿ ಕೇರಳಕ್ಕೆ ಮೇ 24ಕ್ಕೇ ಬಂತು, 2023ರಲ್ಲಿ ಜೂನ್ 8ರವರೆಗೆ ಕಾಯಿಸಿತು. 2021ರ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ಅರಬ್ಬಿ ಸಮುದ್ರದಲ್ಲಿ ಹಾದುಹೋದಾಗ ನಮ್ಮ ದಡದ ಮನೆಗಳ ಅಂಗಳಕ್ಕೆ ನೀರು ಬಂದಿತ್ತು. ಹಾಗಾಗಿ ಬಸ್ ಬುಕ್ ಮಾಡುವ ಮೊದಲು ಹವಾಮಾನ ಇಲಾಖೆಯ, ಇನ್‌ಕಾಯ್ಸ್‌ನ ಎಚ್ಚರಿಕೆ ಒಮ್ಮೆ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೂ ರಜೆ. ಮೀನಿಗೆ ಮರಿಯಿಡುವ ಹೊತ್ತು. ಕಡಲಿನಲ್ಲಿ ಬದುಕುವವರೇ ದಡ ಹತ್ತಿ ಕೂತ ಮೇಲೆ ಆಟಕ್ಕೆ ಹೋಗುವವರು ಇಳಿಯುವುದು ಸರಿಯಲ್ಲ. ಮತ್ತೆ ಕಲಿಯಲು ಬರುವವರು ಅಕ್ಟೋಬರಿಗೆ ಬನ್ನಿ. ಫೆಬ್ರುವರಿವರೆಗೆ ಸಣ್ಣ, ಸಾಧು ಅಲೆ.

ನಾವು ಭಾನುವಾರ ರಾತ್ರಿಯ ಬಸ್ಸಿಗೆ ಹೊರಟೆವು. ಅತ್ತೆ ಒಣ ಸೀಗಡಿ ಕಟ್ಟಿ ಕೊಟ್ಟರು. ಬಸ್ ಹತ್ತುವಾಗ ಮಾಮ ಮಗಳಿಗೆ ಏನೋ ಹೇಳಿದರು, ಕೇಳಿಸಲಿಲ್ಲ. ಈಗ ದಿನಾ ಬೆಳಿಗ್ಗೆ ಹಲ್ಲುಜ್ಜುತ್ತಾ ಆ್ಯಪ್ ತೆಗೆದು ಅಜ್ಜನಿಗೆ ಫೋನ್ ಮಾಡುತ್ತಾಳೆ.

"ಅಜ್ಜಾ, ಇಲ್ಲಿ ಮೂಡಾಯಿ ತೋರಿಸ್ತಿದೆ. ಅಲ್ಲಿ?"

ಆ ಕಡೆಯಿಂದ ಉತ್ತರ ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಮಾಮ ಅಂಗಳಕ್ಕೆ ಇಳಿದು ನೋಡಿ ಬರಬೇಕಲ್ಲ.

ಅವಳ ಜೊತೆ ಈಜು ಕಲಿಯಲು ನಾನೂ ನಮ್ಮ ಬಡಾವಣೆಯ ಈಜುಕೊಳಕ್ಕೆ ಹೆಸರು ಕೊಟ್ಟು ಬಂದಿದ್ದೇನೆ. ನಲವತ್ತಮೂರನೇ ವಯಸ್ಸಿಗೆ. ಅಕ್ಟೋಬರಿನವರೆಗೆ ಸಮಯ ಇದೆ.